ಫ್ರಿಲ್ಡ್ ಶಾರ್ಕ್ ನಿಜಕ್ಕೂ ಡೈನೋಸಾರ್ ಕಾಲದ ಮೀನೇ?

ಹಾವಿನಂಥ ಮೈ, ಬಾಯಿ ತುಂಬ ಮುಳ್ಳಿನಂಥ ಹಲ್ಲು. "ಡೈನೋಸಾರ್ ಕಾಲದ ಶಾರ್ಕ್ ಜೀವಂತ ಪತ್ತೆ!" ಎಂಬ ಒಕ್ಕಣೆಯ ಫೋಟೊ ನಿಮ್ಮ ಅಪಾರ್ಟ್‌ಮೆಂಟ್‌ನ ವಾಟ್ಸ್‌ಆ್ಯಪ್ ಗ್ರೂಪಿಗೂ ಬಂದಿರಬಹುದು. ಮೀನು ನಿಜ. 2017ರಲ್ಲಿ ಪೋರ್ಚುಗಲ್ ಕರಾವಳಿಯಾಚೆ ಸುಮಾರು 700 ಮೀಟರ್ ಆಳದಿಂದ ಒಂದು ಬಲೆಗೆ ಬಿದ್ದಾಗ ಇಂಥ ಸುದ್ದಿಗಳು ಜಗತ್ತಿನೆಲ್ಲೆಡೆ ಹರಿದಾಡಿದವು. ತಪ್ಪಿರುವುದು ಒಕ್ಕಣೆಯಲ್ಲಿ.

ಇದು ಫ್ರಿಲ್ಡ್ ಶಾರ್ಕ್. ಹೆಚ್ಚಿನ ಶಾರ್ಕ್‌ಗಳಿಗೆ ಐದು ಜೊತೆ ಕಿವಿರು ಸೀಳುಗಳಿದ್ದರೆ ಇದಕ್ಕೆ ಆರು. ಮೊದಲನೆಯದು ಗಂಟಲಿನ ಕೆಳಗೆ ಹಾದು ಕೂಡಿಕೊಂಡು ಫ್ರಾಕಿನ ನೆರಿಗೆಯಂತೆ ಕಾಣುತ್ತದೆ, ಹೆಸರು ಬಂದದ್ದು ಅದರಿಂದಲೇ. 1884ರಲ್ಲಿ ಜಪಾನಿನ ಮಾದರಿಯನ್ನು ವರ್ಣಿಸಿದ ಅಮೆರಿಕದ ಸ್ಯಾಮ್ಯುಯೆಲ್ ಗಾರ್ಮನ್ ಇಟ್ಟ ಹೆಸರು ಕ್ಲಾಮಿಡೊಸೆಲ್ಯಾಕಸ್ ಆಂಗ್ವಿನಿಯಸ್. ಮೂರು ಮೊನೆಯ ಹಲ್ಲುಗಳನ್ನು ಕಂಡ ಅವರಿಗೆ ಕೋಟ್ಯಂತರ ವರ್ಷ ಹಿಂದಿನ ಪಳೆಯುಳಿಕೆ ಶಾರ್ಕ್‌ಗಳು ನೆನಪಾದವು. "ಆದಿಮ" ಎಂಬ ಹಣೆಪಟ್ಟಿ ಅಂಟಿದ್ದು ಅಲ್ಲಿಂದ.

ಆದರೆ ಹೋಲಿಕೆಯೇ ನೆಂಟಸ್ತಿಕೆಯಲ್ಲ. ಇದರ ದವಡೆ ತಲೆಬುರುಡೆಗೆ ಜೋಡಣೆಯಾಗಿರುವ ಬಗೆ ಇಂದಿನ ಶಾರ್ಕ್‌ಗಳದೇ. ಹಾಗಾಗಿ ಈಗ ಇದನ್ನು ಆರೇಳು ಕಿವಿರಿನ ಶಾರ್ಕ್‌ಗಳ ಹೆಕ್ಸಾಂಕಿಫಾರ್ಮಿಸ್ ಗಣದಲ್ಲಿ ಇಡುತ್ತಾರೆ. ಇದಕ್ಕೇ ಬೇರೆ ಗಣ ಬೇಕೆಂದವರೂ ಇದ್ದರು, ಆದರೆ ಡಿಎನ್‌ಎ ಹೋಲಿಕೆಗಳು ಒಟ್ಟಿಗೇ ಇಡುವ ಪರವಾಗಿವೆ. 2009ರಲ್ಲಿ ಆಫ್ರಿಕಾದ ದಕ್ಷಿಣ ಭಾಗದ ಮೀನನ್ನು ಎರಡನೇ ಪ್ರಭೇದವೆಂದು ಗುರುತಿಸಲಾಯಿತು. ನೋಡಲು ಒಂದೇ ಥರ, ಒಳಗೆ ಬೆನ್ನೆಲುಬಿನ ಮಣಿಗಳ ಲೆಕ್ಕವೇ ಬೇರೆ!

ಪೀಣ್ಯದ ಶೆಡ್ಡಿನಲ್ಲಿ ಹಳೆಯ ಲೇತ್ ಮೆಷಿನ್ ನೋಡಿರುತ್ತೀರಿ. ಬಾಡಿ ಅಜ್ಜನ ಕಾಲದ್ದು, ಮೋಟರು, ಬೇರಿಂಗು ಎಷ್ಟೋ ಸಲ ಬದಲಾಗಿವೆ. ಇದೂ ಹಾಗೆಯೇ. ಈ ಕುಲದ ಪಳೆಯುಳಿಕೆಗಳು ಡೈನೋಸಾರ್ ಯುಗದ ಕೊನೆಯ ಭಾಗದಿಂದ ಸಿಕ್ಕಿವೆ ನಿಜ. ಹಾಗೆಂದು ಇಂದಿನ ಪ್ರಭೇದವೇ ಆಗಲೂ ಈಜುತ್ತಿತ್ತು ಎಂದಲ್ಲ. "ಜೀವಂತ ಪಳೆಯುಳಿಕೆ" ಎಂಬ ಮಾತು ನನಗಂತೂ ಹಿಡಿಸುವುದಿಲ್ಲ. ವಿಕಾಸ ನಿಂತೇಹೋಗಿದೆ ಎಂಬ ಭ್ರಮೆ ಹುಟ್ಟಿಸುತ್ತದೆ.

ಇಷ್ಟು ಕಾಲ ಉಳಿದ ಕುಲಕ್ಕೆ ಇನ್ನೇನು ಭಯ ಎಂಬುದು ಇನ್ನೊಂದು ತಪ್ಪು ತಿಳಿವಳಿಕೆ. ಫ್ರಿಲ್ಡ್ ಶಾರ್ಕ್ ಗರ್ಭಾವಧಿ ಸುಮಾರು ಮೂರೂವರೆ ವರ್ಷ ಇರಬಹುದೆಂಬ ಅಂದಾಜಿದೆ, ಮರಿಗಳೂ ಕಡಿಮೆ. ಆಳದ ಬೇರೆ ಶಾರ್ಕ್‌ಗಳದೂ ಇದೇ ನಿಧಾನದ ಬದುಕು. ನಮ್ಮ ಪಕ್ಕದ ಕೇರಳದ ಕೊಚ್ಚಿಯಲ್ಲಿ ಯಕೃತ್ತಿನ ಎಣ್ಣೆಗಾಗಿ ದಡಕ್ಕೆ ಬರುವ ಗಲ್ಪರ್ ಶಾರ್ಕ್‌ಗಳದೂ ಅದೇ ಕಥೆ: ಹಿಡಿದಷ್ಟು ಬೇಗ ಅವು ಮತ್ತೆ ಹುಟ್ಟುವುದಿಲ್ಲ.