ಬಂಗಾರದ ಬಣ್ಣದ ವಾಚು ನೀರಿಗೆ ತಡೆಯುತ್ತದೆಯೇ?

ತಾತನ ಕಾಲದ ಬಂಗಾರದ ಬಣ್ಣದ ವಾಚೊಂದು ನಿಮ್ಮ ಮನೆಯ ಟ್ರಂಕಿನಲ್ಲಿದ್ದರೆ, ಅದರ ಡಯಲ್ ಮೇಲೆ ‘ಎಚ್‌ಎಂಟಿ’ ಎಂದು ಬರೆದಿರುವ ಸಾಧ್ಯತೆ ಹೆಚ್ಚು. ಒಂದು ಕಾಲದಲ್ಲಿ ಮದುವೆಯಲ್ಲಿ ಅಳಿಯನಿಗೆ ವಾಚು ಕೊಡುವುದೆಂದರೆ ದೊಡ್ಡ ಮರ್ಯಾದೆ. ಅಂಥ ವಾಚನ್ನು ಕೈಗೆತ್ತಿಕೊಂಡಾಗ ಎರಡು ಪ್ರಶ್ನೆಗಳು ಏಳುತ್ತವೆ: ಇದು ನಿಜವಾದ ಚಿನ್ನವೇ? ನೀರಿಗೆ ತಡೆಯುತ್ತದೆಯೇ?

ಎಚ್‌ಎಂಟಿ ಎಂದರೆ ಹಿಂದೂಸ್ತಾನ್ ಮಷೀನ್ ಟೂಲ್ಸ್. 1953ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಈ ಸರ್ಕಾರಿ ಸಂಸ್ಥೆಯ ಮೊದಲ ಕೆಲಸ ಕಾರ್ಖಾನೆಗಳಿಗೆ ಬೇಕಾದ ಯಂತ್ರಗಳ ತಯಾರಿಕೆ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ವಾಚು ತಯಾರಿಕೆ ಶುರುವಾಯಿತು. ಮುಂದೆ ತುಮಕೂರಿನಲ್ಲೂ ಕಾರ್ಖಾನೆ ಬಂತು. ಜನತಾ, ಪೈಲಟ್, ಸೋನಾ, ಕಾಂಚನ್ ಎಂಬ ಹೆಸರುಗಳು ಮನೆಮಾತಾದವು.

ಸೋನಾ, ಕಾಂಚನ್ ಹೊಳೆಯುತ್ತಿದ್ದುದು ಚಿನ್ನದ ಲೇಪದಿಂದ. ಒಳಗಿರುವುದು ಬೇರೆ ಲೋಹ. ಮೇಲಿನ ಚಿನ್ನ ತೆಳುವಾದ ಪದರ ಮಾತ್ರ. ಇದಕ್ಕೆ ಹೋಲಿಸಿದರೆ ಸ್ವಿಟ್ಜರ್ಲೆಂಡಿನ ರೋಲೆಕ್ಸ್ ಕಂಪನಿಯ ಚಿನ್ನದ ಸಬ್‌ಮರೀನರ್ ಬೇರೆಯೇ ಜಾತಿ. ಅದರ ಕವಚವೇ 18 ಕ್ಯಾರೆಟ್ ಚಿನ್ನ, ಅಂದರೆ ನೂರರಲ್ಲಿ 75 ಭಾಗ ಚಿನ್ನ. ಅದು ಮುಳುಗುಗಾರರ ವಾಚು.

ಆದರೆ ಅದರೊಳಗೆ ನೀರು ಹೋಗದಂತೆ ತಡೆಯುವುದು ಚಿನ್ನವಲ್ಲ. 1926ರಲ್ಲಿ ರೋಲೆಕ್ಸ್ ‘ಆಯ್‌ಸ್ಟರ್’ ಎಂಬ ಕವಚ ತಂದಿತು. ಹಿಂಬದಿಯ ಮುಚ್ಚಳವನ್ನೂ ಕೀ ಕೊಡುವ ಗುಂಡಿಯನ್ನೂ ಬಾಟಲಿ ಮುಚ್ಚಳದಂತೆ ತಿರುಗಿಸಿ ಬಿಗಿಯುವುದು ಅದರ ಗುಟ್ಟು. 1953ರಲ್ಲಿ ಬಂದ ಉಕ್ಕಿನ ಸಬ್‌ಮರೀನರ್ 100 ಮೀಟರ್ ಆಳಕ್ಕೆ ತಡೆಯಿತು. ಚಿನ್ನದ ಸಬ್‌ಮರೀನರ್ ಬಂದದ್ದು ಅದಾದ ಮೇಲೆ, 1969ರಲ್ಲಿ.

ಇಲ್ಲಿ ಭೌತಶಾಸ್ತ್ರದ ಪಾಠ ನೆನಪಿಸಿಕೊಳ್ಳಿ. ನೀರಿನಲ್ಲಿ ಪ್ರತಿ 10 ಮೀಟರ್ ಕೆಳಗಿಳಿದಂತೆ ಸುಮಾರು ಒಂದು ವಾಯುಭಾರದಷ್ಟು ಒತ್ತಡ ಹೆಚ್ಚುತ್ತದೆ. ನಮ್ಮ ತುಂಗಭದ್ರಾ ಅಣೆಕಟ್ಟಿನ ಎತ್ತರ ಸುಮಾರು 49 ಮೀಟರ್. ಅಷ್ಟು ಆಳದ ನೀರಿನಲ್ಲಿ ವಾಚಿನ ಮೇಲೆ ಸುಮಾರು ಐದು ವಾಯುಭಾರದಷ್ಟು ಹೆಚ್ಚುವರಿ ಒತ್ತಡ ಬೀಳುತ್ತದೆ. ಅದನ್ನು ತಡೆಯುವುದು ಬಿಗಿಯಾದ ಕವಚ ಮತ್ತು ಅದರ ಸಂದುಗಳಲ್ಲಿ ಕೂತಿರುವ ಸಣ್ಣ ರಬ್ಬರ್ ಬಳೆಗಳು.

ರಬ್ಬರ್ ವರ್ಷ ಕಳೆದಂತೆ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಆದ್ದರಿಂದ ಎಷ್ಟೇ ದುಬಾರಿಯಾದರೂ ಹಳೆಯ ವಾಚನ್ನು ಪರೀಕ್ಷೆ ಮಾಡಿಸದೆ ನೀರಿಗಿಳಿಸಬಾರದು. ಹೊಸ ವಾಚಿನ ಮೇಲೆ ‘30 ಮೀಟರ್’ ಎಂದಿದ್ದರೆ 30 ಮೀಟರ್ ಮುಳುಗಬಹುದು ಎಂದರ್ಥವಲ್ಲ. ಕೈತೊಳೆಯುವಾಗ ಸಿಡಿಯುವ ಹನಿಗಳಿಗೆ, ಮಳೆಗೆ ಸಾಕು ಅಷ್ಟೆ. ಅಂತಾರಾಷ್ಟ್ರೀಯ ಮಾನದಂಡದಂತೆ ಮುಳುಗುಗಾರರ ವಾಚು ಎನಿಸಿಕೊಳ್ಳಲು ಕನಿಷ್ಠ 100 ಮೀಟರ್ ತಡೆಯಬೇಕು.

ಎಚ್‌ಎಂಟಿ ವಾಚು ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ಒಪ್ಪಿಗೆ ನೀಡಿತು. ಹಳೆಯ ವಾಚು ಬಿಚ್ಚಿ ಜೋಡಿಸಬಲ್ಲ ಕೈಗಳೂ ಕಡಿಮೆಯಾಗುತ್ತಿವೆ. ಮನೆಯ ಹಳೆಯ ವಾಚನ್ನು ‘ಇದರಲ್ಲಿ ಚಿನ್ನವಿಲ್ಲ’ ಎಂದು ಗುಜರಿಗೆ ಹಾಕಬೇಡಿ. ನೀರು, ಧೂಳು ತಾಗದಂತೆ ಇಡಿ. ಜನತಾ, ಸೋನಾದಂಥ ವಾಚಿಗೆ ಸೆಲ್ ಬೇಕಿಲ್ಲ. ಒಳಗಿನ ಯಂತ್ರ ಸರಿಯಿದ್ದರೆ ದಿನಕ್ಕೊಮ್ಮೆ ಕೀ ಕೊಟ್ಟರೆ ಸಾಕು. ಬೆಂಗಳೂರಿಗೆ ಹೋದಾಗ ಜಾಲಹಳ್ಳಿಯ ಎಚ್‌ಎಂಟಿ ವಸ್ತುಸಂಗ್ರಹಾಲಯವನ್ನೂ ನೋಡಿ ಬನ್ನಿ.