ಹೊಸ ಗಣಕ, ಹಳೆಯ ಕಡತ

ಮಡಚಿದರೆ ಪುಸ್ತಕದಂತೆ ಕಂಕುಳಲ್ಲಿ ಅಡಗುವ, ತೆರೆದರೆ ಬರೆಯುವ ಹಲಗೆಯೂ ಓದುವ ಗ್ರಂಥವೂ ಆಗುವ ಲ್ಯಾಪ್‌ಟಾಪ್ ಗಣಕವನ್ನು ಇಂದು ಅರಿಯದವರು ವಿರಳ. ಹೊರಗಿನಿಂದ ನೋಡಿದರೆ ಇವೆಲ್ಲವೂ ಒಂದೇ ಬಗೆಯವು: ಒಂದು ತೆರೆ, ಒಂದು ಕೀಲಿಮಣೆ, ಒಳಗೊಂದು ಬ್ಯಾಟರಿ. ಆದರೆ ಹಲವು ವರ್ಷ ಒಂದು ಬಗೆಯ ಲ್ಯಾಪ್‌ಟಾಪನ್ನು ಬಳಸಿದ ವಿದ್ಯಾರ್ಥಿಯು ಅದನ್ನು ಬಿಟ್ಟು ಮತ್ತೊಂದು ಬಗೆಯದನ್ನು ಕೈಗೆತ್ತಿಕೊಂಡಾಗ ಒಳಗಿನ ಭೇದಗಳು ಒಂದೊಂದಾಗಿ ಹೊರಬೀಳುತ್ತವೆ.

ಈ ಭೇದಕ್ಕೆ ಮುಖ್ಯ ಕಾರಣ ಕಾರ್ಯಾಚರಣ ವ್ಯವಸ್ಥೆ. ಯಂತ್ರದ ಅಂಗಾಂಗಗಳನ್ನೂ ನಾವು ಬಳಸುವ ತಂತ್ರಾಂಶಗಳನ್ನೂ ಹೊಂದಿಸಿ ನಡೆಸುವ ಮೇಸ್ತ್ರಿಯೇ ಅದು. ಮೈಕ್ರೋಸಾಫ್ಟ್ ಸಂಸ್ಥೆಯ ವಿಂಡೋಸ್ ನಮ್ಮಲ್ಲಿ ಹೆಚ್ಚು ಪರಿಚಿತ. ಆಪಲ್ ಸಂಸ್ಥೆಯ ಗಣಕಗಳಿಗೆ ಅದರದೇ ವ್ಯವಸ್ಥೆ ಉಂಟು. ಮೂರನೆಯದು ಲೈನಕ್ಸ್. ೧೯೯೧ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾಗಿದ್ದ ಲೈನಸ್ ಟೋರ್ವಾಲ್ಡ್ಸ್ ಇದರ ತಿರುಳನ್ನು ರಚಿಸಿ ಲೋಕಕ್ಕೆ ಬಿಟ್ಟುಕೊಟ್ಟರು. ಇದನ್ನು ಯಾರು ಬೇಕಾದರೂ ಪರಿಶೀಲಿಸಬಹುದು, ತಿದ್ದಬಹುದು, ಹಂಚಬಹುದು. ವಿಂಡೋಸಿನ ಹತ್ತನೆಯ ಆವೃತ್ತಿಗೆ ಸಾಮಾನ್ಯ ಬೆಂಬಲವು ೨೦೨೫ರ ಅಕ್ಟೋಬರ್ ತಿಂಗಳಲ್ಲಿ ಮುಗಿಯಿತು. ಹಳೆಯ ಯಂತ್ರಗಳಲ್ಲಿ ಅನೇಕವು ಹನ್ನೊಂದನೆಯ ಆವೃತ್ತಿಗೆ ತಕ್ಕವಾಗಿಲ್ಲ. ಹೀಗೆ ಹೊಸ ಯಂತ್ರದ ಕಡೆಗೋ ಲೈನಕ್ಸಿನ ಕಡೆಗೋ ತಿರುಗಿದ ವಿದ್ಯಾರ್ಥಿಗಳುಂಟು.

ಬದಲಾವಣೆಯ ಮೊದಲ ತೊಡಕುಗಳು ಅಲ್ಪವಾದವು. ಗುಂಡಿಗಳು ಬೇರೆ ಕಡೆ ಇರುತ್ತವೆ. ಪರಿಚಿತ ತಂತ್ರಾಂಶದ ಬದಲು ಅದೇ ಕೆಲಸದ ಬೇರೊಂದನ್ನು ಕಲಿಯಬೇಕಾಗುತ್ತದೆ. ಕನ್ನಡ ಬೆರಳಚ್ಚಿನ ಅಭ್ಯಾಸವನ್ನಂತೂ ಬಿಡಬೇಕಾಗಿಲ್ಲ. ಕೆ.ಪಿ. ರಾವ್ ಅವರು ರೂಪಿಸಿದ, ನುಡಿ ಕೀಲಿಮಣೆಯೆಂದು ಜನ ಕರೆಯುವ ವಿನ್ಯಾಸವು ಲೈನಕ್ಸಿನಲ್ಲಿ ‘ಕಗಪ’ ಎಂಬ ಹೆಸರಿನಿಂದ ದೊರೆಯುತ್ತದೆ. ಚಿತ್ರಗಳು, ಹಾಡುಗಳು ಯಾವ ಯಂತ್ರದಲ್ಲಾದರೂ ತೆರೆದುಕೊಳ್ಳುತ್ತವೆ. ನಿಜವಾದ ಗಂಡಾಂತರವಿರುವುದು ಹಳೆಯ ಕನ್ನಡ ಬರಹಗಳಲ್ಲಿ.

ಒಬ್ಬ ವಿದ್ಯಾರ್ಥಿನಿಯನ್ನು ಭಾವಿಸಿಕೊಳ್ಳೋಣ. ಆಕೆಯ ಅಜ್ಜಿ ಸೋಬಾನೆ ಪದಗಳನ್ನು ಹಾಡುತ್ತಿದ್ದರು. ೨೦೦೪ರಲ್ಲಿ ತಂದೆಯು ಅಜ್ಜಿಯ ಎದುರಿಗೆ ಕುಳಿತು, ಕೇಳಿ ಕೇಳಿ, ಅವುಗಳನ್ನು ನುಡಿ ತಂತ್ರಾಂಶದಲ್ಲಿ ಅಚ್ಚುಮಾಡಿಟ್ಟರು. ಅಜ್ಜಿ ಈಗಿಲ್ಲ, ಕಾಗದದ ಪ್ರತಿಯೂ ಇಲ್ಲ. ವಿದ್ಯಾರ್ಥಿನಿಯು ಆ ಕಡತವನ್ನು ತನ್ನ ಹೊಸ ಲೈನಕ್ಸ್ ಲ್ಯಾಪ್‌ಟಾಪಿಗೆ ನಕಲು ಮಾಡಿಕೊಂಡು ತೆರೆಯುತ್ತಾಳೆ. ಅಲ್ಲಿ ಕನ್ನಡದ ಒಂದಕ್ಷರವೂ ಇಲ್ಲ! ಇಂಗ್ಲಿಷಿನ ‘ಪಿ’, ನೆತ್ತಿಯ ಮೇಲೆ ಗೀಟುಳ್ಳ ‘ಎ’, ಪೌಂಡ್ ನಾಣ್ಯದ ಚಿಹ್ನೆ, ಇಂಥವೇ ಪುಟದುದ್ದಕ್ಕೂ ತುಂಬಿವೆ. ಹಳೆಯ ಲ್ಯಾಪ್‌ಟಾಪನ್ನು ಅಂಗಡಿಯವನಿಗೆ ವಿನಿಮಯವಾಗಿ ಕೊಡಲು ಮನೆಯವರು ಸಿದ್ಧರಾಗಿದ್ದಾರೆ. ಪದಗಳು ಅಳಿದುಹೋದುವೇ?

ಅಳಿದಿಲ್ಲ. ಏಕೆಂಬುದನ್ನು ತಿಳಿಯಲು ಗಣಕವು ಅಕ್ಷರವನ್ನು ಹೇಗೆ ನೆನಪಿಡುತ್ತದೆಂಬುದನ್ನು ನೋಡಬೇಕು. ಗಣಕಕ್ಕೆ ಅಕ್ಷರ ತಿಳಿಯದು, ಸಂಖ್ಯೆ ಮಾತ್ರ ತಿಳಿದೀತು. ೧೯೬೩ರಲ್ಲಿ ಅಮೆರಿಕದಲ್ಲಿ ನಿಗದಿಯಾದ ‘ಆಸ್ಕಿ’ ಎಂಬ ಸಂಕೇತಪಟ್ಟಿಯಲ್ಲಿ ೧೨೮ ಮನೆಗಳಿದ್ದುವು. ಇಂಗ್ಲಿಷಿನ ದೊಡ್ಡ ‘ಪಿ’ ಅಕ್ಷರಕ್ಕೆ ಅಲ್ಲಿ ೮೦ನೆಯ ಮನೆ. ಮುಂದೆ ಪಟ್ಟಿಯು ೨೫೬ ಮನೆಗಳಿಗೆ ಬೆಳೆದಾಗ ಹೊಸ ಮನೆಗಳಲ್ಲಿ ಯುರೋಪಿನ ಅಕ್ಷರಗಳು ಬಂದು ಕುಳಿತವು. ಕನ್ನಡಕ್ಕೆ ಮನೆ ಸಿಗಲಿಲ್ಲ.

ನಮ್ಮ ತಂತ್ರಜ್ಞರು ಕೈಕಟ್ಟಿ ಕೂರದೆ ಒಂದು ಉಪಾಯ ಹೂಡಿದರು. ಸಂಖ್ಯೆ ಇಂಗ್ಲಿಷಿನದೇ ಇರಲಿ, ತೆರೆಯ ಮೇಲೆ ಮೂಡುವ ಆಕಾರವನ್ನು ಮಾತ್ರ ಕನ್ನಡದ್ದಾಗಿ ಮಾಡೋಣ ಎಂಬುದೇ ಆ ಉಪಾಯ. ಶೇಷಾದ್ರಿವಾಸು ಅವರು ೧೯೯೮ರಲ್ಲಿ ಹೊರತಂದ ‘ಬರಹ’, ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ‘ನುಡಿ’ ಮೊದಲಾದುವು ಹೀಗೆ ಕನ್ನಡವನ್ನು ಕಚೇರಿಗಳಿಗೂ ಅಚ್ಚುಕೂಟಗಳಿಗೂ ತಲುಪಿಸಿದುವು. ನುಡಿಯ ಅಕ್ಷರಶೈಲಿಯಲ್ಲಿ ೮೦ನೆಯ ಮನೆಯಲ್ಲಿ ಕಕಾರದ ಒಡಲು, ೧೯೨ನೆಯ ಮನೆಯಲ್ಲಿ ತಲೆಕಟ್ಟು, ೧೬೩ನೆಯ ಮನೆಯಲ್ಲಿ ನಕಾರದ ಒಡಲು. ‘ಕನ್ನಡ’ ಎಂದು ಬರೆದರೆ ಕಡತದಲ್ಲಿ ಉಳಿಯುವುದು ೮೦, ೧೯೨, ೧೬೩, ೧೯೨, ೨೨೩, ೧೧೩, ೧೯೨ ಎಂಬ ಏಳು ಸಂಖ್ಯೆಗಳು. ನುಡಿಯ ಅಕ್ಷರಶೈಲಿ ಇರುವ ಯಂತ್ರ ಅವನ್ನು ‘ಕನ್ನಡ’ವೆಂದು ತೋರಿಸುತ್ತದೆ, ಇಲ್ಲದ ಯಂತ್ರ ತನಗೆ ತಿಳಿದ ‘ಪಿ’ಯನ್ನೂ ಪೌಂಡ್ ಚಿಹ್ನೆಯನ್ನೂ ತೋರಿಸುತ್ತದೆ. ಎರಡನೆಯದು ತಪ್ಪು ಮಾಡಿತೆನ್ನಲಾಗದು.

ಇಷ್ಟರಲ್ಲಿ ಬೇರೊಂದು ಯತ್ನವೂ ನಡೆದಿತ್ತು. ಜಗತ್ತಿನ ಎಲ್ಲ ಲಿಪಿಗಳಿಗೂ ಪ್ರತ್ಯೇಕ ಮನೆಗಳನ್ನು ಕೊಡುವ ‘ಯೂನಿಕೋಡ್’ ಪಟ್ಟಿಯ ಮೊದಲ ಆವೃತ್ತಿ ೧೯೯೧ರಲ್ಲಿ ಪ್ರಕಟವಾಯಿತು. ಅದರಲ್ಲಿ ೩೨೦೦ರಿಂದ ೩೩೨೭ರವರೆಗಿನ ಮನೆಗಳು ಕನ್ನಡದವು. ಇಲ್ಲಿ ‘ಕನ್ನಡ’ ಎಂಬುದು ಐದೇ ಸಂಖ್ಯೆ: ಕಕಾರಕ್ಕೆ ೩೨೨೧, ನಕಾರಕ್ಕೆ ೩೨೪೦, ಸ್ವರವನ್ನು ಕಳೆಯುವ ವಿರಾಮಚಿಹ್ನೆಗೆ ೩೨೭೭, ಮತ್ತೆ ನಕಾರದ ೩೨೪೦, ಡಕಾರಕ್ಕೆ ೩೨೩೩. ತಲೆಕಟ್ಟು, ಒತ್ತು ಎಂಬ ಆಕಾರಗಳಿಗೆ ಬೇರೆ ಸಂಖ್ಯೆ ಬೇಕಿಲ್ಲ. ಅವನ್ನು ಜೋಡಿಸುವುದು ಯಂತ್ರದ ಹೊಣೆ. ಶಾಲೆಯಲ್ಲಿ ನಾವು ಕಲಿತ ಸಂಯುಕ್ತಾಕ್ಷರದ ವ್ಯಾಕರಣವೇ ಇದು ಎಂದರೆ ಸಲ್ಲುತ್ತದೆ. ಈ ಸಂಖ್ಯೆಗಳು ವಿಂಡೋಸಿನಲ್ಲೂ ಲೈನಕ್ಸಿನಲ್ಲೂ ಅಂಗೈಯ ದೂರವಾಣಿಯಲ್ಲೂ ಒಂದೇ. ೨೦೦೧ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಎಂಬ ಯೂನಿಕೋಡ್ ಅಕ್ಷರಶೈಲಿಯೂ ಇತ್ತು. ಆದರೂ ಅಚ್ಚುಕೂಟಗಳ ಪುಟವಿನ್ಯಾಸ ತಂತ್ರಾಂಶಗಳಿಗೆ ಆಗ ಯೂನಿಕೋಡ್ ಕನ್ನಡ ಒಗ್ಗುತ್ತಿರಲಿಲ್ಲವಾದ ಕಾರಣ ಹಳೆಯ ರೂಢಿಯೇ ಬಹುಕಾಲ ನಡೆಯಿತು.

ಈಗ ಆ ವಿದ್ಯಾರ್ಥಿನಿಯ ಮುಂದೆ ಎರಡು ದಾರಿಗಳಿವೆ. ನುಡಿಯ ಅಕ್ಷರಶೈಲಿಯನ್ನು ಹೊಸ ಯಂತ್ರದಲ್ಲಿ ಸ್ಥಾಪಿಸಿದರೆ ಪದಗಳು ಮತ್ತೆ ಕಾಣಿಸಿಕೊಳ್ಳುತ್ತವೆ. ಇದು ಸುಲಭ; ಆದರೆ ಅರೆ ಪರಿಹಾರ. ‘ಮಲ್ಲಿಗೆ’ ಎಂಬ ಮಾತು ಯಾವ ಪದದಲ್ಲಿದೆಯೆಂದು ಯೂನಿಕೋಡಿನಲ್ಲಿ ಬರೆದು ಹುಡುಕಿದರೆ ಯಂತ್ರವು ಇಲ್ಲವೆನ್ನುತ್ತದೆ, ಏಕೆಂದರೆ ಅದರ ಪಾಲಿಗೆ ಅಲ್ಲಿರುವುದು ಇನ್ನೂ ಯುರೋಪಿನ ಚಿಹ್ನೆಗಳೇ. ಮತ್ತೊಬ್ಬರಿಗೆ ಕಳುಹಿಸಿದರೆ ಅವರಿಗೂ ಇದೇ ಪಾಡು. ಎರಡನೆಯ ದಾರಿ, ಪರಿವರ್ತಕವೆಂಬ ತಂತ್ರಾಂಶದಿಂದ ಇಡೀ ಕಡತವನ್ನು ಯೂನಿಕೋಡಿಗೆ ತಿರುಗಿಸುವುದು. ಹಿಂದೆ ಓಲೆಗರಿ ಶಿಥಿಲವಾಗುವ ಮುನ್ನ ಲಿಪಿಕಾರರು ಹೊಸ ಗರಿಗಳಿಗೆ ಪ್ರತಿಮಾಡುತ್ತಿದ್ದರಲ್ಲವೇ? ಇದೂ ಅಂಥದೇ ಕಾರ್ಯ, ಅವರ ಸ್ಖಾಲಿತ್ಯಗಳಂತೆ ಇದರಲ್ಲೂ ಸ್ಖಾಲಿತ್ಯಗಳುಂಟು. ಅರ್ಕಾವತ್ತು ಹಳೆಯ ಕಡತದಲ್ಲಿ ಕಣ್ಣಿಗೆ ಕಾಣುವಂತೆ ಅಕ್ಷರದ ನಂತರ ಇರುತ್ತದೆ. ಯೂನಿಕೋಡಿನಲ್ಲಿ ಉಚ್ಚಾರಣೆಯಂತೆ ರಕಾರವು ಮೊದಲು ಬರಬೇಕು. ಇದನ್ನರಿಯದ ಪರಿವರ್ತಕವು ‘ಧರ್ಮ’ವನ್ನು ‘ಧಮರ್’ ಎಂದೂ ‘ಸೂರ್ಯ’ನನ್ನು ‘ಸೂಯರ್’ ಎಂದೂ ಮಾಡಿಬಿಡುತ್ತದೆ. ನಡುವೆ ಇಂಗ್ಲಿಷ್ ಮಾತುಗಳಿದ್ದರೆ ಅವು ಅರ್ಥವಿಲ್ಲದ ಕನ್ನಡವಾಗಿ ಹೊರಬರಬಹುದು.

ಆದುದರಿಂದ ಹಳೆಯ ಲ್ಯಾಪ್‌ಟಾಪನ್ನು ಕೈಬಿಡುವ ಮೊದಲು ಎರಡು ಯಂತ್ರಗಳನ್ನೂ ಅಕ್ಕಪಕ್ಕದಲ್ಲಿಟ್ಟು ಸಾಲು ಸಾಲಾಗಿ ಓದಿ ಹೋಲಿಸಬೇಕು. ಮೂಲ ಕಡತವನ್ನೂ ಅಳಿಸದೆ ಬೇರೆಡೆ ಇಟ್ಟುಕೊಳ್ಳುವುದು ಲೇಸು. ‘ಸೂಯರ್’ನಂಥ ತಪ್ಪನ್ನು ಕನ್ನಡ ಬಲ್ಲ ಯಾರಾದರೂ ಹಿಡಿದಾರು. ಆದರೆ ಸೋಬಾನೆಯಲ್ಲಿ ಯಾವ ನಿಘಂಟಿನಲ್ಲೂ ಇಲ್ಲದ, ಆ ಊರಿನ ಬಾಯಲ್ಲಷ್ಟೇ ಉಳಿದ ಮಾತುಗಳಿರುತ್ತವೆ. ಅಲ್ಲಿ ಅಕ್ಷರ ಪಲ್ಲಟವಾದರೆ ಯಂತ್ರಕ್ಕೂ ತಿಳಿಯದು, ವಿದ್ವಾಂಸರಿಗೂ ತಿಳಿಯದು. ಅದಕ್ಕೆ ಬರೆದುಕೊಂಡ ತಂದೆಯನ್ನೋ, ಅಜ್ಜಿಯೊಡನೆ ದನಿಗೂಡಿಸುತ್ತಿದ್ದ ನೆರೆಮನೆಯ ಮುದುಕಿಯನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಒಮ್ಮೆ ಗಟ್ಟಿಯಾಗಿ ಓದಬೇಕಾಗುತ್ತದೆ.