ಬೋರ್ ಕೊರೆಯದೆ ನೆಲದೊಳಗೆ ನೋಡುವುದು

ನಮ್ಮ ಬಿಳಿಗೆರೆ ಕಡೆ ಬೋರ್ ಹಾಕಿಸುವ ಮುಂಚೆ ಪಾಯಿಂಟ್ ನೋಡಿಸುತ್ತಾರೆ. ಕೆಲವರು ತೆಂಗಿನಕಾಯಿ ಹಿಡಿದು ನಡೆಯುತ್ತಾರೆ, ಕೆಲವರು ಮೀಟರ್ ತರುತ್ತಾರೆ. ಮೀಟರ್‌ನವರು ನೆಲಕ್ಕೆ ನಾಲ್ಕು ಸಲಾಕೆ ಹೊಡೆದು, ಹೊರಗಿನ ಎರಡರಿಂದ ಕರೆಂಟ್ ಬಿಟ್ಟು, ಒಳಗಿನ ಎರಡರ ನಡುವೆ ವೋಲ್ಟೇಜ್ ಅಳೆಯುತ್ತಾರೆ. ಒಣ ಗಟ್ಟಿ ಕಲ್ಲಿನಲ್ಲಿ ಕರೆಂಟ್ ಸುಲಭವಾಗಿ ಹರಿಯದು. ನೀರು ತುಂಬಿದ ಬಿರುಕುಗಲ್ಲಿನಲ್ಲಿ ಹರಿಯುತ್ತದೆ. ಸಾಲ ಮಾಡಿ ಕೊರೆಸುವವರಿಗೆ ಈ ವ್ಯತ್ಯಾಸವೇ ಲಾಭ ನಷ್ಟ. ಸಲಾಕೆಗಳನ್ನು ದೂರ ಸರಿಸಿದಷ್ಟೂ ಹೆಚ್ಚು ಆಳ ತಿಳಿಯುತ್ತದೆ. ಆದರೆ ಹತ್ತಾರು ಕಿಲೋಮೀಟರ್ ಆಳ ನೋಡಬೇಕಾದರೆ ಅಷ್ಟು ಉದ್ದ ವೈರ್ ಎಳೆಯುವವರು ಯಾರು?

ಆ ಕೆಲಸ ಸೂರ್ಯನದು. ಸೂರ್ಯನಿಂದ ಬರುವ ಕಣಗಳು ಭೂಮಿಯ ಕಾಂತಕ್ಷೇತ್ರವನ್ನು ಸದಾ ಅಲುಗಿಸುತ್ತವೆ. ಕಾಂತಕ್ಷೇತ್ರ ಬದಲಾದರೆ ವಾಹಕದಲ್ಲಿ ವಿದ್ಯುತ್ ಹುಟ್ಟುತ್ತದೆಂದು ಫ್ಯಾರಡೆ 1831ರಲ್ಲೇ ತೋರಿಸಿದರು. (ಎಸ್ಸೆಸ್ಸೆಲ್ಸಿ ಪಾಠ, ಕಾಮರ್ಸ್‌ನವರಿಗೂ ನೆನಪಿರುತ್ತದೆ.) ಇಲ್ಲಿ ವಾಹಕ ಭೂಮಿಯೇ. ಈ ಕರೆಂಟ್ ಸಾಮಾನ್ಯವಾಗಿ ಬಹಳ ಸಣ್ಣದು. ಆದರೂ 1989ರ ಮಾರ್ಚ್ 13ರ ಕಾಂತ ಬಿರುಗಾಳಿಯಲ್ಲಿ ಕೆನಡಾದ ಕ್ವಿಬೆಕ್ ಸುಮಾರು 9 ಗಂಟೆ ಕತ್ತಲಾಯಿತು. ಅಲ್ಲಿಯೂ ನೆಲದಡಿ ನಮ್ಮಲ್ಲಿಯಂತೆ ಹಳೆಯ ಗಟ್ಟಿ ಕಲ್ಲು. ಕಲ್ಲಿನಲ್ಲಿ ದಾರಿ ಸಿಗದ ಕರೆಂಟ್ ವಿದ್ಯುತ್ ಲೈನ್‌ಗಳನ್ನು ಹಿಡಿಯಿತು.

ವಿಜ್ಞಾನಿಗಳು ಒಂದೇ ಜಾಗದಲ್ಲಿ ಕಾಂತಕ್ಷೇತ್ರದ ಏರಿಳಿತವನ್ನೂ ನೆಲದ ವೋಲ್ಟೇಜನ್ನೂ ದಾಖಲಿಸಿ, ಎರಡರ ಅನುಪಾತದಿಂದ ನೆಲದ ವಿದ್ಯುತ್ ರೋಧ ತಿಳಿಯುತ್ತಾರೆ. ನಿಧಾನದ ಏರಿಳಿತ ಹೆಚ್ಚು ಆಳಕ್ಕಿಳಿಯುತ್ತದೆ. ಲೆಕ್ಕ ಸುಲಭ: ರೋಧವನ್ನು ಏರಿಳಿತದ ಸೆಕೆಂಡುಗಳಿಂದ ಗುಣಿಸಿ, ವರ್ಗಮೂಲ ತೆಗೆದು, 500ರಿಂದ ಗುಣಿಸಿದರೆ ಸುಮಾರು ಎಷ್ಟು ಮೀಟರ್ ಎಂದು ಬರುತ್ತದೆ. ರೋಧ 100 ಓಮ್-ಮೀಟರ್ ಇದ್ದರೆ 1 ಸೆಕೆಂಡಿನ ಏರಿಳಿತ 5 ಕಿಲೋಮೀಟರ್, 100 ಸೆಕೆಂಡಿನದು 50 ಕಿಲೋಮೀಟರ್.

ಮುಂದಿನದೇ ಕಷ್ಟ. ನೆಲದ ಪದರಗಳನ್ನು ಊಹಿಸಿ, ಅಂಥ ನೆಲ ಯಾವ ಅಂಕಿ ಕೊಡುತ್ತಿತ್ತೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ, ಅಳೆದ ಅಂಕಿಗೆ ಹೊಂದುವವರೆಗೂ ತಿದ್ದಬೇಕು. ಹೊಂದಿತೆಂದರೆ ಸರಿಯೆಂದಲ್ಲ. ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆದರೂ ಒಳಗೆ ತಪ್ಪು ಇರಬಹುದಲ್ಲ, ಹಾಗೆಯೇ ಬೇರೆ ಬೇರೆ ನೆಲಗಳು ಒಂದೇ ಅಂಕಿ ಕೊಡಬಲ್ಲವು. ಅದಕ್ಕೇ ಭೂಕಂಪದ ಅಲೆಗಳ ಮಾಹಿತಿಯನ್ನೂ ಪಕ್ಕದಲ್ಲಿಟ್ಟು ನೋಡುತ್ತಾರೆ.

ಕರ್ನಾಟಕದ ಹಳೆಯ ಶಿಲೆಗಳ ಮೇಲೂ ಭಾರತೀಯ ಭೂಕಾಂತತ್ವ ಸಂಸ್ಥೆಯವರು ಇಂಥ ಅಳತೆ ಮಾಡಿದ್ದಾರೆ. ಭಾರತ ಶ್ರೀಲಂಕಾ ನಡುವೆ ಸಮುದ್ರದಡಿ ವಿದ್ಯುತ್ ಚೆನ್ನಾಗಿ ಹರಿಯುವ ಭಾಗವಿದೆಯೆಂಬುದು ದಕ್ಷಿಣ ತುದಿಯ ಕಾಂತ ದಾಖಲೆಗಳಿಂದಲೇ ಹೊಳೆದದ್ದು.

ಅಳೆಯುವವರಿಗೆ ದೊಡ್ಡ ಕಾಟ ನಮ್ಮ ಕರೆಂಟೇ. ಮುಂಬಯಿಯಲ್ಲಿ ಟ್ರಾಂಗೆ ವಿದ್ಯುತ್ ಬರುವುದೆಂದಾಗ ಕೊಲಾಬಾದ ಕಾಂತ ವೀಕ್ಷಣಾಲಯಕ್ಕೆ ಬದಲಾಗಿ ಅಲಿಬಾಗ್‌ನಲ್ಲಿ 1904ರಲ್ಲಿ ಹೊಸದನ್ನು ಕಟ್ಟಿದರು. ನಮ್ಮ ಕಡೆ ಉಪಕರಣ ಇಡಬೇಕಾದರೆ ಪಂಪ್‌ಸೆಟ್, ತಂತಿ ಇಲ್ಲದ ಜಾಗವನ್ನೇ ಮೊದಲು ಹುಡುಕಬೇಕು.